ಫ್ಲೆಕ್ಸಿನ ಚಾವಣಿ

ಕ್ಯಾಂಪಿಂಗಿಗೆಂದು ತಿಪ್ಪೇಶಿ ತಾನೇ ಬಿದಿರ ದಬ್ಬೆ ಹೆಣೆದು ದುಂಡನೆಯ ಡೇರೆ ಕಟ್ಟಿದ. ಮುಖಂಡರೊಬ್ಬರ ನಗುಮುಖವಿದ್ದ ಹಳೆಯ ಚುನಾವಣಾ ಫ್ಲೆಕ್ಸನ್ನು ಚಾವಣಿಗೆ ಹೊದಿಸಿದ.

"ನಿಮಗೆಲ್ಲ ನೆರಳು ಕೊಟ್ಟವನು ನಾನು" ಎಂದು ಫ್ಲೆಕ್ಸು ತನ್ನನ್ನು ಹೊತ್ತ ದಬ್ಬೆಗಳಿಗೇ ದಿನವೂ ಭಾಷಣ ಬಿಗಿಯುತ್ತಿತ್ತು.

ಒಂದು ದಿನ ಗಾಳಿಗೆ ಅದು ಗೇಣುದ್ದ ಹರಿಯಿತು. ಚೀಲ ಹೊಲಿಯುವ ದಬ್ಬಳ ಬಂದು, "ಸ್ವಾಮಿ, ಗೊಬ್ಬರದ ಚೀಲದ್ದೊಂದು ತೇಪೆ ಹಾಕಿಬಿಡುತ್ತೇನೆ" ಎಂದಿತು.

"ಗೊಬ್ಬರದ ಚೀಲವೇ? ನನ್ನ ಮುಖಕ್ಕೆ? ನಾನು ಹರಿದಿದ್ದೇನೆ ಎಂಬುದೇ ವಿರೋಧಿಗಳ ಅಪಪ್ರಚಾರ!" ಎಂದು ಫ್ಲೆಕ್ಸು ಸೆಟೆದುಕೊಂಡಿತು. ಸೆಟೆದ ರಭಸಕ್ಕೆ ಹರಕು ತುದಿಯವರೆಗೂ ಓಡಿತು.

ತಿಪ್ಪೇಶಿ ಅದನ್ನು ಕಿತ್ತು ಬಾಗಿಲ ಬಳಿಯ ಕೆಸರಿನ ಮೇಲೆ ಹಾಸಿದ. ಬಂದವರೆಲ್ಲ ಅದರ ಮೇಲೆ ಕಾಲು ಒರೆಸಿಕೊಂಡರು.

"ಹೇಗಿದ್ದೀರಿ, ಸ್ವಾಮಿ?" ಎಂದು ದಬ್ಬಳ ಕೇಳಿತು.

ಫ್ಲೆಕ್ಸು ಕೆಸರು ಉಗುಳಿ ಗತ್ತಿನಿಂದ ಹೇಳಿತು: "ನೋಡಿದೆಯಾ, ನನ್ನನ್ನು ಕಾಣದೆ ಒಬ್ಬರೂ ಒಳಗೆ ಹೋಗುವಂತಿಲ್ಲ."