ಹರಿಗೋಲಿಗೆ ಬಾಗಿಲಿಲ್ಲ

ಕೃಷ್ಣೆಯ ದಂಡೆಯಲ್ಲಿ, ನಡುಗಡ್ಡೆಗೆ ಹರಿಗೋಲು ಬಿಡುವ ಜಾಗದಲ್ಲಿ, ಪೂಜ್ಯ ಮಾನಮ್ಮ ತಾಯಿಯವರು ಜಾಲಿಗಿಡದ ಮಗ್ಗುಲಿಗೆ ಗುಡಿಸಲು ಹಾಕಿಕೊಂಡಿದ್ದರು. ಮಠವೆಂದರೂ ಅದೇ, ಅಡುಗೆಮನೆಯೆಂದರೂ ಅದೇ. ಗುಡಿಸಲ ಮೇಲೆ ಸೋರೆಬಳ್ಳಿ ಹಬ್ಬಿಸಿ, ಒಣಗಿದ ಬುರುಡೆಗಳನ್ನು ಹಗ್ಗಕ್ಕೆ ಕಟ್ಟಿಡುವುದು ಅವರ ನಿತ್ಯದ ಕಾಯಕ. ಅದನ್ನು ಸೊಂಟಕ್ಕೆ ಬಿಗಿದುಕೊಂಡವರನ್ನು ಹೊಳೆ ಸುಲಭಕ್ಕೆ ಮುಳುಗಿಸದು. ದರ್ಶನಕ್ಕೆ ಹೋದವರಿಗೆ ಉಪದೇಶದ ಬದಲು ಒಂದು ಬುರುಡೆಯೇ ಪ್ರಸಾದ. ಇದೆಂಥ ಪ್ರಸಾದವೆಂದು ಗೊಣಗಿದವರಲ್ಲಿ ನಾನೂ ಒಬ್ಬ.

ಆ ವರ್ಷ ಶ್ರಾವಣದಲ್ಲಿ, ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಡಂಗುರ ಸಾರಿದ ಬೆಳಿಗ್ಗೆ, ಸಮಾಧಾನಪ್ಪ ಮಾಸ್ತರರು ಗುಡಿಸಲಿಗೆ ಬಂದರು. ಕ್ರೈಸ್ತ ಮತದವರು, ಆರು ವರ್ಷ ನಡುಗಡ್ಡೆಯ ಶಾಲೆಯಲ್ಲಿ ಕಲಿಸಿದವರು. ಹಿಂದಿನ ವರ್ಷದ ನೆರೆಯ ನಂತರ ಮಾತ್ರ ಆ ಕಡೆ ಕಾಲಿಟ್ಟಿರಲಿಲ್ಲ. ಕಂಕುಳಲ್ಲಿ ದಪ್ಪನೆಯ ನೋಟ್‌ಬುಕ್ಕು ಇತ್ತು, ಕಣ್ಣು ಹೊಳೆಯ ಮೇಲೇ ಇತ್ತು. ಹರಿಗೋಲು ಕಟ್ಟುವ ಗೂಟ ಆಗಲೇ ಒಂದು ಗೇಣು ಮುಳುಗಿತ್ತು.

“ಯವ್ವಾ, ಪ್ರಳಯದ ಕಥಿ ನಿಮ್ಮೊಳಗೂ ಐತಿ, ನಮ್ಮೊಳಗೂ ಐತಿ,” ಎಂದು ಅವರು ನೋಟ್‌ಬುಕ್ಕು ಬಿಚ್ಚಿದರು. ಮನುವಿಗೆ ಮೀನು ಮುನ್ಸೂಚನೆ ಕೊಟ್ಟಿತು, ನೋಹನಿಗೆ ದೇವರೇ ಹೇಳಿದನು. ಇಬ್ಬರೂ ನೀರು ಬರುವ ಮೊದಲೇ ಹಡಗು ಕಟ್ಟಿದರು. ಇಬ್ಬರ ಹಡಗೂ ಬೆಟ್ಟಕ್ಕೆ ಹೋಗಿ ನಿಂತಿತು. ನೋಹ ನೆಲ ಹುಡುಕಲು ಪಾರಿವಾಳ ಬಿಟ್ಟಂತೆಯೇ, ಅದಕ್ಕೂ ಹಳೆಯ ಬಾಬಿಲೋನಿನ ಕಥೆಯಲ್ಲೂ ಒಬ್ಬ ಹಕ್ಕಿ ಬಿಟ್ಟಿದ್ದಾನೆ. ಹಾಗಾದರೆ ಮೂಲ ಯಾವುದು, ನಕಲು ಯಾವುದು? ಯಾವುದನ್ನು ನಂಬಬೇಕು?

ನನ್ನನ್ನು ಕೇಳಿದ್ದರೆ ನಮ್ಮದೇ ಮೊದಲೆಂದು ತೊಡೆ ತಟ್ಟಿ ವಾದಕ್ಕೆ ನಿಲ್ಲುತ್ತಿದ್ದೆ. ತಾಯಿಯವರು ಗಂಟು ಬಿಗಿಯುತ್ತಲೇ ಕೇಳಿದರು: “ಇಷ್ಟೆಲ್ಲಾ ಓದಿ ಏನು ಹುಡುಕಾಕತ್ತೀಯೋ, ತಮ್ಮಾ?”

ಮಾಸ್ತರರು ನೋಟ್‌ಬುಕ್ಕು ಮುಚ್ಚಿದರು. “ಹೊರಗ ಉಳಿದೋರ ಸುದ್ದಿ ಹುಡುಕಾಕತ್ತೀನ್ರಿ ಯವ್ವಾ. ಯಾವ ಕಥಿಯೊಳಗೂ ಅವರ ಹೆಸರಿಲ್ಲ. ನೋಹನ ಹಡಗಿನ ಬಾಗಿಲಾ ದೇವರೇ ಮುಚ್ಚಿದ ಅಂತ ಬರದಾರ. ನಮ್ಮ ಹರಿಗೋಲಿನ ಬಾಗಿಲಾ ನಾ ಮುಚ್ಚೀನಿ.”

ಹಿಂದಿನ ವರ್ಷ, ಹೆಂಗಸರು ಮಕ್ಕಳು ತುಂಬಿದ್ದ ಹರಿಗೋಲನ್ನು ನಡುಗಡ್ಡೆಯಿಂದ ನೂಕುತ್ತಿದ್ದವನೊಬ್ಬ ಸೆಳೆತಕ್ಕೆ ಸಿಕ್ಕು ಅದರ ಅಂಚು ಹಿಡಿದಿದ್ದ. ಹರಿಗೋಲು ವಾಲಿತು, ಮಕ್ಕಳು ಚೀರಿದವು. ಒಳಗಿದ್ದ ಮಾಸ್ತರರು ಅವನ ಬೆರಳುಗಳನ್ನು ಬಿಡಿಸಿಬಿಟ್ಟರು; ಅವನು ಕೊಚ್ಚಿಹೋದ. ಕೈ ತಾನಾಗಿ ಜಾರಿತೆಂದು ಊರು ನಂಬಿತು. ಮಾಸ್ತರರು ಬಾಯಿ ಬಿಡಲಿಲ್ಲ. ಅಂದಿನಿಂದ ಪ್ರಾರ್ಥನೆಗೆ ಕೈಜೋಡಿಸಿದರೆ ಆ ಬೆರಳುಗಳೇ ನೆನಪಾಗುತ್ತಿದ್ದವಂತೆ.

“ಅಂವನ ಹೆಸರೇನು?” ಎಂದರು ತಾಯಿಯವರು.

“ಹುಲುಗಪ್ಪ.” ವರ್ಷದಲ್ಲಿ ಮೊದಲ ಸಲ ಆ ಹೆಸರು ಅವರ ಬಾಯಿಂದ ಬಂದಿತ್ತು.

“ಅಂವನ ಹೇಣ್ತಿಗೆ ಹೇಳಿಯೇನು?”

“ಇಲ್ರಿ.”

ತಾಯಿಯವರು ಹೊಳೆಯ ಕಡೆ ನೋಡಿದರು. “ಹರಿಗೋಲಿಗೆ ಬಾಗಿಲಿಲ್ಲ, ತಮ್ಮಾ,” ಎಂದಷ್ಟೇ ನುಡಿದು, ಕಟ್ಟಿ ಮುಗಿಸಿದ ಬುರುಡೆಗಳ ಹಗ್ಗವನ್ನು ಅವರ ಮಡಿಲಿಗಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಗೂಟ ಕಾಣಲಿಲ್ಲ. ನಡುಗಡ್ಡೆಯಲ್ಲಿ ಉಳಿದವರನ್ನು ಕರೆತರಲು ಅಂಬಿಗರ ಯಂಕೋಬ ಕೊನೆಯ ಸಲ ಹೊರಟ. ಹುಟ್ಟು ಹಾಕಲು ಇನ್ನೊಬ್ಬರು ಬೇಕೆಂದು ಕೂಗಿದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾಸ್ತರರು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಹತ್ತಿದರು.

ಆಚೆ ನಡೆದದ್ದನ್ನು ಯಂಕೋಬ ಆಮೇಲೆ ಹೇಳಿದ. ಹರಿಗೋಲು ತುಂಬಿದ ಮೇಲೆ ದಂಡೆಯಲ್ಲಿ ಒಬ್ಬಳೇ ಉಳಿದಳು. ಅವಳು ಹುಲುಗಪ್ಪನ ಹೆಂಡತಿ ದುರುಗಮ್ಮ. ಇನ್ನೊಂದು ಜೀವ ಹತ್ತಿದರೆ ಎಲ್ಲರೂ ನೀರುಪಾಲು ಎಂದ ಯಂಕೋಬ. ಮಾಸ್ತರರು ಮರುಮಾತಾಡದೆ ನೀರಿಗಿಳಿದರು, ಆಕೆಯನ್ನು ತಮ್ಮ ಜಾಗದಲ್ಲಿ ಕೂರಿಸಿ ಹುಟ್ಟನ್ನು ಕೈಗಿಟ್ಟರು, ತಾವು ಹೊರಗಿನಿಂದ ಅಂಚು ಹಿಡಿದರು. ಬುರುಡೆಗಳು ಅವರ ಭಾರ ಹೊತ್ತಿದ್ದರಿಂದ ಹರಿಗೋಲು ವಾಲಲಿಲ್ಲ.

ನಮಗೆ ಈಚೆಯಿಂದ ಕಂಡದ್ದು ಇಷ್ಟೇ: ಕೆಂಪು ನೀರಲ್ಲಿ ಗಿರಗಿರ ತಿರುಗುತ್ತ ಕೆಳಗೆ ಸಾಗುತ್ತಿದ್ದ ಹರಿಗೋಲು, ಅದರ ಅಂಚಿನಲ್ಲಿ ಎರಡು ಕೈ. ಒಮ್ಮೆ ಆ ಕೈಗಳೂ ಕಾಣದಾದವು. ತಾಯಿಯವರ ಕಡೆ ತಿರುಗಿದರೆ, ಸದಾ ಗಂಟು ಕಟ್ಟುತ್ತಿದ್ದ ಅವರ ಕೈಗಳು ಸುಮ್ಮನಾಗಿದ್ದವು. ಅವರಿಗೂ ಹೆದರಿಕೆಯಾಗುತ್ತದೆಂದು ನನಗೆ ಗೊತ್ತಾದದ್ದು ಅಂದೇ.

ಅರ್ಧ ಮೈಲಿ ಕೆಳಗೆ ಹರಿಗೋಲು ದಡ ಹತ್ತಿತು. ನಾವು ಓಡಿಹೋದಾಗ ಎಲ್ಲರೂ ಇಳಿದಿದ್ದರು. ಮಾಸ್ತರರು ಮಾತ್ರ ಮೊಣಕಾಲುದ್ದದ ನೀರಿನಲ್ಲಿ ಅಂಚು ಹಿಡಿದೇ ನಿಂತಿದ್ದರು. ದುರುಗಮ್ಮ ಎದುರು ಬಂದಳು.

“ಹುಲುಗಪ್ಪನ ಕೈ ಜಾರಲಿಲ್ಲವ್ವಾ,” ಎಂದರು ಮಾಸ್ತರರು. “ನಾ ಬಿಡಿಸೀನಿ.”

“ಗೊತ್ತೈತ್ರಿ ಮಾಸ್ತರ್ರ. ದಂಡಿ ಮ್ಯಾಲ ನಿಂತು ನೋಡೀನಿ,” ಎಂದಳು ದುರುಗಮ್ಮ. “ನೀವಾ ಬಂದು ಹೇಳ್ತೀರಂತ ವರ್ಷಾತು ಕಾಯಾಕತ್ತಿ.”

ಆಮೇಲೆ ಆಕೆ ಗೊಳೋ ಎಂದು ಅತ್ತಳು. ಅಳುತ್ತಲೇ ನೀರಿಗಿಳಿದು, ಸೆಟೆದುಕೊಂಡಿದ್ದ ಮಾಸ್ತರರ ಬೆರಳುಗಳನ್ನು ಅಂಚಿನಿಂದ ಒಂದೊಂದಾಗಿ ಬಿಡಿಸಿ, ಅವರನ್ನು ದಂಡೆಗೆ ಹತ್ತಿಸಿಕೊಂಡಳು.

ನೀರಿಳಿದ ಮೇಲೆ ಮಾಸ್ತರರು ನಡುಗಡ್ಡೆಯ ಶಾಲೆಗೆ ಮರಳಿದರು. ಪ್ರತಿ ಮಳೆಗಾಲ ಮಕ್ಕಳಿಗೆ ಮನುವಿನ ಕಥೆ, ನೋಹನ ಕಥೆ ಎರಡನ್ನೂ ಹೇಳುತ್ತಾರೆ, ಕೊನೆಗೆ ಹುಲುಗಪ್ಪನದನ್ನೂ ಹೇಳುತ್ತಾರೆ. ತಾಯಿಯವರು ಕೊಟ್ಟ ಬುರುಡೆಯನ್ನು ನಾನೂ ಈಗ ಕಣ್ಣಿಗೊತ್ತಿಕೊಂಡೇ ಮನೆಗೆ ತರುತ್ತೇನೆ.