ಹತ್ತಕ್ಕೆ ಒಪ್ಪಿದ ಊರು

“ಬುದ್ಧಿ, ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರ ಸಂಖ್ಯೆ ಏರುತ್ತಿದೆ ಎಂದು ಒಂದು ಪಕ್ಷ ಹೇಳುತ್ತದೆ, ಇಳಿಯುತ್ತಿದೆ ಎಂದು ಇನ್ನೊಂದು. ಇಬ್ಬರ ಕೈಯಲ್ಲೂ ಅಂಕಿಗಳಿವೆ. ಸತ್ಯ ಎರಡರ ನಡುವೆ ಎಲ್ಲೋ ಇರಬೇಕಲ್ಲವೇ?”

ಎರಡು ದಿನದಿಂದ ಪತ್ರಿಕೆ ಹಿಡಿದು ತಲೆ ಕೆಡಿಸಿಕೊಂಡಿದ್ದ ಶಿಷ್ಯ ಸಿದ್ದಮಲ್ಲ ಹೀಗೆ ಕೇಳಿದಾಗ ಗುರುಗಳು ಒಂದು ಕತೆ ಹೇಳಿದರು.

ಆ ದೇಶದ ಒಂದು ಸಣ್ಣ ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಊರಿನಲ್ಲಿ ಬಂದೂಕಿಲ್ಲದ ಮನೆಯಿರಲಿಲ್ಲ. ಬಂದೂಕಿನ ಮಾತೆತ್ತಿದರೆ ಕುರ್ಚಿ ಉರುಳದ ಸಭೆಯೂ ಇರಲಿಲ್ಲ. ಒಂದು ಬಣದವರು ಇನ್ನೊಂದು ಬಣದವರ ಮನೆಯ ಮದುವೆಗೆ ಹೋಗುವುದನ್ನೂ ಬಿಟ್ಟಿದ್ದರು. ಗಡಿಯಾರದವನಿಗೆ ಎರಡೂ ಕಡೆ ನಂಟು. ಈ ಜಗಳ ಹೇಗಾದರೂ ಮುಗಿಯಲಿ ಎಂದು ಅವನ ಜೀವ ಹಾತೊರೆಯುತ್ತಿತ್ತು.

ಒಮ್ಮೆ ಊರ ಸಭೆಯಲ್ಲಿ, ಆ ವರ್ಷ ಬಂದೂಕಿಗೆ ಬಲಿಯಾದವರು ಹನ್ನೆರಡು ಮಂದಿ ಎಂದಿತು ಒಂದು ಬಣ. ಅಲ್ಲ, ಎಂಟೇ ಮಂದಿ, ತಾವೇ ಗುಂಡು ಹಾರಿಸಿಕೊಂಡ ನಾಲ್ವರು ಲೆಕ್ಕಕ್ಕಿಲ್ಲ ಎಂದಿತು ಇನ್ನೊಂದು. ಗಡಿಯಾರದವನು ಎದ್ದು ನಿಂತ.

“ನೀವು ಎರಡು ಬಿಡಿ, ನೀವು ಎರಡು ಸೇರಿಸಿಕೊಳ್ಳಿ. ಹತ್ತು ಎಂದು ಬರೆಯೋಣ.”

ಇಷ್ಟು ಸುಲಭದ ದಾರಿ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ! ಚಪ್ಪಾಳೆ ಬಿತ್ತು. ಎಷ್ಟೋ ವರ್ಷಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿದರು. ಹಿಂದಿನ ವರ್ಷ ಎರಡೂ ಬಣಗಳ ಲೆಕ್ಕದಲ್ಲಿ ಹತ್ತು ಮಂದಿಯೇ ಸತ್ತಿದ್ದರಿಂದ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ, ಬಂದೂಕಿಗೆ ಹೊಸ ನಿಯಮ ತರುವ ಮಾತು ಮುಂದಿನ ವರ್ಷ ನೋಡೋಣ ಎಂದು ತೀರ್ಮಾನವಾಯಿತು. ಸಭಾಭವನದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಹತ್ತು ಎಂದು ಬರೆದವನು ಗಡಿಯಾರದವನೇ. ಎದೆಯುಬ್ಬಿಸಿಕೊಂಡು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಒಬ್ಬ ರೈತನ ಹೆಂಡತಿ ಬಂದಳು. ಆ ನಾಲ್ವರಲ್ಲಿ ಅವಳ ಗಂಡನೂ ಒಬ್ಬ. ಅವನು ರಿಪೇರಿಗೆ ಕೊಟ್ಟಿದ್ದ ಕೈಗಡಿಯಾರ ಇನ್ನೂ ಅಲ್ಲೇ ಮೊಳೆಗೆ ತೂಗುತ್ತಿತ್ತು. ಮನಸ್ಸು ಕುಗ್ಗಿದವರ ಬಂದೂಕನ್ನು ಮನೆಯವರು ಕೆಲವು ದಿನ ಬೇರೆಡೆ ಇಡಿಸಲು ಅವಕಾಶ ಕೊಡಿ ಎಂದು ಸಭೆಯನ್ನು ಕೇಳುತ್ತಾ ಬಂದವಳು ಅವಳೇ.

“ನಾಲ್ವರಲ್ಲಿ ಇಬ್ಬರನ್ನು ಸತ್ತವರ ಲೆಕ್ಕದಿಂದ ಬಿಟ್ಟಿರಂತೆ. ಆ ಇಬ್ಬರಲ್ಲಿ ನಮ್ಮ ಯಜಮಾನರಿದ್ದರೆ ಮನೆಗೆ ಕಳಿಸಿಕೊಡಿ, ಅಣ್ಣ. ಮಗನೂ ಈಗ ಅವರ ಹಾಗೆಯೇ ಊಟ ಬಿಟ್ಟು, ಮಾತು ಬಿಟ್ಟು ಕೂತಿದ್ದಾನೆ. ನಾನೊಬ್ಬಳೇ ಅವನನ್ನು ಕಾಯಲಾರೆ” ಎಂದಳು.

ಗಡಿಯಾರದವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದ. ನೇರವಾಗಿ ಸಭಾಭವನಕ್ಕೆ ಹೋಗಿ ಹತ್ತನ್ನು ಅಳಿಸಿ ಹನ್ನೆರಡು ಎಂದು ಬರೆದ. ಕುರ್ಚಿಗಳು ಮತ್ತೆ ಉರುಳಿದವು. ಎಂಟು ಎಂದವರು ಅವನ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಆದರೆ ಹಲಗೆಯ ಹನ್ನೆರಡನ್ನು ದಿನವೂ ನೋಡುತ್ತಾ ಕೂತವರು ಕೊನೆಗೆ ಅವಳು ಕೇಳಿದ್ದ ನಿಯಮದ ಚೌಕಾಶಿಗೆ ಇಳಿದರು. ಬಂದೂಕನ್ನು ಒಂದು ತಿಂಗಳು ಬೇರೆಡೆ ಇಡಿಸಲಿ ಎಂದರು ಒಬ್ಬರು, ಒಂದು ವಾರ ಸಾಕು ಎಂದರು ಇನ್ನೊಬ್ಬರು. ಹದಿನೈದು ದಿನಕ್ಕೆ ಒಪ್ಪಿದರು. ಅವತ್ತೇ ಆ ತಾಯಿ ಮಗನ ಬಂದೂಕನ್ನು ತಂದು ಗಡಿಯಾರದ ಅಂಗಡಿಯಲ್ಲಿಟ್ಟಳು.

ಕತೆ ಮುಗಿಯಿತು. ಸಿದ್ದಮಲ್ಲನ ಕುತೂಹಲ ಮುಗಿಯಲಿಲ್ಲ.

“ದಿನಗಳ ವಿಷಯದಲ್ಲಿ ರಾಜಿಯಾದದ್ದು ಸರಿ, ಅಂಕಿಯಲ್ಲಿ ರಾಜಿಯಾದರೆ ಮಾತ್ರ ತಪ್ಪೇ, ಬುದ್ಧಿ? ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಅಂಥದ್ದೇನಿದೆ?”

“ಇಬ್ಬರು ಮನುಷ್ಯರಿದ್ದಾರಪ್ಪ” ಎಂದರು ಗುರುಗಳು.