ಕುಡುಗೋಲುಗುರಿನ ಮೃಗದ ಹೆಜ್ಜೆ

"ಗುರುಗಳೇ, ಬೆನ್ನು ಹತ್ತಿದವನಿಂದ ಪಾರಾಗುವುದು ಹೇಗೆ?" ಎಂದು ಸಂಗಯ್ಯ ಕೇಳಿದ.

ಮಠಕ್ಕೆ ಹೊಸದಾಗಿ ಬಂದಿದ್ದ ಅಡಿವೆಪ್ಪನ ಮೇಲೆ ಅವನ ದೂರು. ಅಡಿವೆಪ್ಪ ಭಾರೀ ಆಳು, ಮಾತು ಕಡಿಮೆ, ಕೈಗಳು ಮೊರದಗಲ.

"ನಾನು ಹೋದಲ್ಲೆಲ್ಲ ಅವನಿರುತ್ತಾನೆ. ಇವತ್ತು ಬೆಳಗಿನ ಜಾವ ಹೊಳೆದಂಡೆಯಲ್ಲೂ ಇದ್ದ. ಗಕ್ಕನೆ ತಿರುಗಿ ನಿಂತು ನನ್ನನ್ನೇ ದುರುಗುಟ್ಟಿ ನೋಡಿದ. ಆ ಕೈ ನೋಡಿದ್ದೀರಾ? ನನ್ನ ಕುತ್ತಿಗೆಗೆ ಒಂದೇ ಸಾಕು. ಈ ಹೊತ್ತೇ ಅವನನ್ನು ಮಠದಿಂದ ಕಳಿಸಿಬಿಡಿ."

ಅಡಿವೆಪ್ಪನಿಗೆ ಹೋಗಲು ಬೇರೆ ನೆಲೆಯಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುರುಗಳು, "ಕಳಿಸೋಣವಂತೆ, ಸಂಜೆಯವರೆಗೆ ಹೊತ್ತಿದೆ. ಮೊದಲು ಕೂತುಕೋ" ಎಂದು ಕತೆ ಶುರುಮಾಡಿದರು.

ಕಡಲಾಚೆಯ ಒಂದು ದೇಶದಲ್ಲಿ ಬಹಳ ಹಿಂದೆ ಒಂದು ಮೃಗವಿತ್ತು. ಆನೆಯ ಗಾತ್ರ, ಕರಡಿಯ ರೋಮ, ಕುಡುಗೋಲಿನಂಥ ಉಗುರು. ಅದರ ಸಂತತಿ ಅಳಿದು ಎಷ್ಟೋ ಕಾಲದ ಮೇಲೆ ಒಂದು ಗವಿಯಲ್ಲಿ ಅದರ ಎಲುಬು ಸಿಕ್ಕವು. ಉಗುರು ಕಂಡ ಜನ ಅದನ್ನು ನರಭಕ್ಷಕ ಎಂದು ಕರೆದರು. ಹಲ್ಲು ನೋಡಲು ಯಾರಿಗೂ ಪುರುಸೊತ್ತಿಲ್ಲ. ಹಲ್ಲೋ, ಎಲೆ ಅರೆದೂ ಅರೆದೂ ಒರಳಿನಂತೆ ಸವೆದಿದ್ದವು. ಗವಿಯಲ್ಲಿ ಒಣಗಿ ಬಿದ್ದಿದ್ದ ಲದ್ದಿಯಲ್ಲೂ ಸೊಪ್ಪಿನ ನಾರು ಬಿಟ್ಟರೆ ಎಲುಬಿನ ಚೂರೊಂದಿಲ್ಲ. ಆದರೇನು, ಒಮ್ಮೆ ಅಂಟಿದ ಕೆಟ್ಟ ಹೆಸರು ತೊಳೆದರೆ ಹೋಗುತ್ತದೆಯೇ?

ಆ ದೇಶದಲ್ಲಿ ಒಬ್ಬ ವ್ಯಾಪಾರಿ. ಮಹಾ ಅನುಮಾನದ ಮನುಷ್ಯ. ತನ್ನ ನೆರಳು ಎರಡು ಹೆಜ್ಜೆ ಮುಂದೆ ಹೋದರೂ "ಎಲ್ಲಿಗೆ ಹೊರಟೆ?" ಎನ್ನುವವನು. ಒಮ್ಮೆ ಅವನು ಬತ್ತಿದ ಕೆರೆಯೊಂದನ್ನು ದಾಟಬೇಕಾಯಿತು. ಅಲ್ಲಲ್ಲಿ ಕಾಲು ಹೂತುಹೋಗುವ ಕೆಸರು. ದಾರಿ ತೋರಿಸಲು ಒಬ್ಬ ರೈತನನ್ನು ಕರೆದುಕೊಂಡ. ಹಿಂದೆ ಬಂದರೆ ಬೆನ್ನಿಗೆ ಇರಿದಾನು ಎಂದು ಅವನನ್ನು ಮುಂದೆ ಬಿಟ್ಟ. ರೈತ ಕಾಲಿಟ್ಟಲ್ಲೇ ತಾನೂ ಕಾಲಿಡುತ್ತ, ಸೊಂಟದ ಚೂರಿಯಿಂದ ಕೈ ತೆಗೆಯದೆ ನಡೆದ.

ನಡುಗೆರೆಯಲ್ಲಿ ಗಾಳಿ ಮಣ್ಣು ಹಾರಿಸಿದ್ದ ಕಡೆ, ಕಲ್ಲಿನಂತೆ ಗಟ್ಟಿಯಾದ ಹಳೆಯ ಹೆಜ್ಜೆಗಳು ಕಂಡವು. ಕುಡುಗೋಲುಗುರಿನ ಗುರುತಿದ್ದದ್ದು ಆ ಮೃಗದ್ದು, ಇನ್ನೊಂದು ಮನುಷ್ಯನದು. ಒಂದೆಡೆ ಮೃಗ ಹಿಂಗಾಲ ಮೇಲೆ ಎದ್ದು ನಿಂತು, ಗಿರಕಿ ಹೊಡೆದು, ಉಗುರಿನಿಂದ ನೆಲ ಗೀರಿದ ಗುರುತಿತ್ತು.

"ನೋಡಿದೆಯಾ? ಯಾವನೋ ಬಡಪಾಯಿಯನ್ನು ಅಟ್ಟಿಸಿಕೊಂಡು ಬಂದು ಇಲ್ಲೇ ಮುಗಿಸಿದೆ. ಮೈಮರೆತವರ ಗತಿಯೇ ಇಷ್ಟು" ಎಂದ ವ್ಯಾಪಾರಿ.

"ಇರಬಹುದು, ಧಣಿ" ಎಂದು ರೈತ ಮುಂದೆ ನಡೆದ. ಅವನ ಚಿತ್ತವೆಲ್ಲ ಕೆಸರಿನ ಮೇಲಿತ್ತು.

ವ್ಯಾಪಾರಿಗೆ ಆ ಉತ್ತರ ಹಿಡಿಸಲಿಲ್ಲ. ಇಷ್ಟು ಸಲೀಸಾಗಿ ಒಪ್ಪಿಕೊಂಡನೆಂದರೆ ಇವನ ಹೊಟ್ಟೆಯಲ್ಲಿ ಏನೋ ಇದೆ ಎಂದುಕೊಂಡ. ರೈತ ನಿಧಾನಿಸಿದ, ಇವನೂ ನಿಧಾನಿಸಿದ. ರೈತ ನೆಲ ತಿವಿದು ನೋಡುವ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಇನ್ನೇನು ಬೇಕು? ವ್ಯಾಪಾರಿ ಚೂರಿ ಹಿರಿದ.

ಸದ್ದಿಗೆ ರೈತ ತಿರುಗಿದ. ಚೂರಿ ಕಂಡು ಕೋಲನ್ನು ಅಡ್ಡ ಹಿಡಿದು, ಕೆಸರಿನಲ್ಲಿ ತಡವರಿಸುತ್ತ ಹಿಂದೆ ಸರಿದ. ಅವನ ಮುಖದಲ್ಲಿ ಇದ್ದದ್ದು ಭಯ. ವ್ಯಾಪಾರಿಗೆ ಅದು ಕೊಲೆಗಡುಕನ ಮುಖದಂತೆ ಕಂಡಿತು.

"ನಾನೇನು ಮಾಡಿದೆ, ಧಣಿ?" ಎಂದ ರೈತ.

ವ್ಯಾಪಾರಿ ಚೂರಿ ಎತ್ತಿ ಮುನ್ನುಗ್ಗಿದ. ಕಾಲು ಕೆಸರಿನಲ್ಲಿ ಸಿಕ್ಕಿಕೊಂಡಿತು. ಕೀಳಲೆಂದು ಬಗ್ಗಿ ನೋಡಿದ. ರೈತನ ಹೆಜ್ಜೆಯ ಗುರುತಿನೊಳಗೆ ತನ್ನದೇ ಹೆಜ್ಜೆಯಿತ್ತು. ಹಿಂತಿರುಗಿ ನೋಡಿದ. ಬಂದ ದಾರಿಯುದ್ದಕ್ಕೂ ಹಾಗೆಯೇ.

ಅವನಿಗೆ ಏನೋ ಹೊಳೆಯಿತು. ಹಳೆಯ ಹೆಜ್ಜೆಗಳಿದ್ದಲ್ಲಿಗೆ ವಾಪಸು ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದ. ಮನುಷ್ಯನ ಪಾದ ಮೃಗದ ಪಾದದೊಳಗೆ ಮೂಡಿತ್ತು. ಹಿಂದೆ ಬಂದವನ ಹೆಜ್ಜೆಯಲ್ಲವೇ ಮೇಲೆ ಬೀಳುವುದು? ಮೃಗ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಮನುಷ್ಯ ಬೆನ್ನು ಹತ್ತಿದ್ದ. ಅದು ಹೆದರಿ ತಿರುಗಿ ನಿಂತಿತ್ತು, ಅಷ್ಟೆ. ವ್ಯಾಪಾರಿಗೆ ನಾಚಿಕೆಯಾಯಿತು. ಚೂರಿಯನ್ನು ಒರೆಗೆ ಹಾಕಿ, ರೈತನ ಮುಖ ನೋಡಲಾರದೆ ನಿಂತ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯನ ಮನಸ್ಸು ಆ ಮೃಗಕ್ಕಾಗಿ ಮರುಗಿತು.

"ಪಾಪ, ಎಲೆ ತಿಂದುಕೊಂಡಿದ್ದ ಪ್ರಾಣಿ. ಅದರ ಹಿಂದೆ ಬೀಳುವಂಥ ಕೇಡಿಗ ಯಾರಿರಬಹುದು, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಬೆಳಿಗ್ಗೆ ನಾನೂ ಹೊಳೆಗೆ ಹೋಗಿದ್ದೆ, ಸಂಗಯ್ಯ. ಮರಳಿನಲ್ಲಿ ಅಡಿವೆಪ್ಪನ ಹೆಜ್ಜೆಯೊಳಗೆ ನಿನ್ನ ಹೆಜ್ಜೆ ಇತ್ತು."